ಗಂಡು ಏಡಿಯ ಬಸಿರು

ಮೂಡಬೆಂಗ್ರೆಯ ಹೆಂಗಸರು ಬಸುರಿ ಏಡಿಯನ್ನು ಮಾರುವುದಿಲ್ಲ. ಬಲೆ ಬಿಡಿಸುವಾಗ ಹೊಟ್ಟೆಯ ಮುಚ್ಚಳ ಉಬ್ಬಿಕೊಂಡ ಏಡಿ ಸಿಕ್ಕಿತೆಂದರೆ ಅದನ್ನು ಬುಟ್ಟಿಗೆ ಹಾಕುವ ಹಾಗಿಲ್ಲ. ಕುಂದಾಪುರದ ಹೋಟೆಲಿನವನು ಎದುರಿಗೆ ಬಂದು ಬಾಯಲ್ಲಿ ನೀರೂರಿಸಿಕೊಂಡು ನಿಂತಿದ್ದರೂ ಸರಿ, ಏಡಿಯನ್ನು ಬೊಗಸೆಯಲ್ಲಿ ಹಿಡಿದು, ಮೊಣಕಾಲು ಮುಳುಗುವ ತನಕ ಅಳಿವೆಯ ನೀರಿಗಿಳಿದು, "ಹೆತ್ಕಂಡ್ ಬಾ" ಎಂದು ಹೇಳಿ ಬಿಟ್ಟುಬರಬೇಕು. ಯಾವ ಬಲೆ ಹಾಕಬಾರದು, ಎಷ್ಟು ಸಣ್ಣ ಏಡಿ ಹಿಡಿಯಬಾರದು ಎಂದು ಬರೆದ ಫಲಕವೊಂದು ದಡದಲ್ಲಿ ತುಕ್ಕು ಹಿಡಿದು ನಿಂತಿದೆ. ಅದನ್ನು ಓದಿದವರು ಕಡಿಮೆ. ಈ ಒಂದು ನಿಯಮವನ್ನು ಮಾತ್ರ ಅಜ್ಜಿಯರ ಕಾಲದಿಂದ ಎಲ್ಲರೂ ಪಾಲಿಸಿಕೊಂಡು ಬಂದಿದ್ದಾರೆ.

ಆದರೂ ಅಳಿವೆಯಲ್ಲಿ ಏಡಿ ಕಡಿಮೆಯಾಗುತ್ತ ಬಂತು. ಬಸುರಿಗಳನ್ನು ಬಿಟ್ಟಷ್ಟೂ ಮರಿಗಳು ಹೆಚ್ಚಬೇಕಲ್ಲವೇ? ಇಲ್ಲಿ ಲೆಕ್ಕ ತಿರುಗಮುರುಗ ಆಗಿತ್ತು. ಹೆಂಗಸರು ಹಡಗುಗಳನ್ನು ಬೈದರು, ಹಡಗಿನವರು ಹೊಳೆಯನ್ನು ಬೈದರು. ಕಾರಣ ಮೊದಲು ತಿಳಿದದ್ದು ಜಲಜಳಿಗೆ. ತಿಳಿದ ದಿನದಿಂದ ಅವಳ ನೆಮ್ಮದಿ ಹಾರಿಹೋಯಿತು.

ಜಲಜ ಅಳಿವೆಯ ಸಂಶೋಧನಾ ಕೇಂದ್ರದಲ್ಲಿ ಏಡಿ ಆರಿಸುವ ಕೆಲಸದವಳು. ವಯಸ್ಸು ಮೂವತ್ತೆಂಟು, ಮದುವೆಯಾಗಿಲ್ಲ. ಮೊದಲು ಗೇರುಬೀಜದ ಫ್ಯಾಕ್ಟರಿಯಲ್ಲಿದ್ದಳು. ಗೇರೆಣ್ಣೆಗೆ ಬೆರಳಿನ ಚರ್ಮ ಸುಟ್ಟು ಕಪ್ಪಾದಾಗ ಅದನ್ನು ಬಿಟ್ಟು, ಆರು ವರ್ಷದ ಹಿಂದೆ ಇಲ್ಲಿ ಸೇರಿದಳು. ದಿನಾ ಬೆಳಿಗ್ಗೆ ದೋಣಿಗಳು ಬಂದಾಗ ನೂರು ಏಡಿ ಆರಿಸಿ, ಗಂಡೆಷ್ಟು, ಹೆಣ್ಣೆಷ್ಟು, ಬಸುರಿ ಎಷ್ಟು ಎಂದು ಪುಸ್ತಕದಲ್ಲಿ ಬರೆದು, ಬಸುರಿಗಳನ್ನು ನೀರಿಗೆ ಬಿಡುವುದು ಅವಳ ಕೆಲಸ. ಸೇರಿದ ದಿನ ಒಂದು ಜೊತೆ ಗ್ಲೌಸ್ ಕೊಟ್ಟಿದ್ದರು. ಹಾಕಿಕೊಂಡರೆ ಏಡಿ ಜಾರುತ್ತದೆ, ಎಲ್ಲಿ ಹಿಡಿಯಬೇಕೆಂದು ಬೆರಳಿಗೆ ತಿಳಿಯುವುದಿಲ್ಲ ಎಂದು ಅವಳು ಅದನ್ನು ಅದೇ ದಿನ ಮೊಳೆಗೆ ನೇತುಹಾಕಿದ್ದಳು. ಅದು ಅಲ್ಲೇ ನೇತಾಡುತ್ತಿತ್ತು.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ಕಲ್ಮಠರು ಧಾರವಾಡದ ಕಡೆಯವರು. ಹುಟ್ಟಿದಾಗಿನಿಂದ ಮೀನು ಬಾಯಿಗಿಡದ ಮನುಷ್ಯ, ಆದರೆ ಏಡಿಯ ಬಗ್ಗೆ ದೇಶವಿದೇಶದವರಿಗೆ ಪಾಠ ಹೇಳುವವರು. "ತಿನ್ನದೆ ಅದ್ರ ಗುಣ ಹ್ಯಾಂಗ್ ಗೊತ್ತಾತ್ತ್ ಸರ್?" ಎಂದು ಜಲಜ ಕೀಟಲೆ ಮಾಡಿದರೆ ನಕ್ಕು ಸುಮ್ಮನಾಗುತ್ತಿದ್ದರು. ನವೆಂಬರಿನ ಒಂದು ಬೆಳಿಗ್ಗೆ ಅವರು ಅವಳನ್ನು ಲ್ಯಾಬಿನ ಒಳಗೆ ಕರೆದು, ತಟ್ಟೆಯಲ್ಲಿ ಮಗುಚಿ ಮಲಗಿಸಿದ ಏಡಿಯೊಂದನ್ನು ತೋರಿಸಿದರು.

"ಜಲಜಕ್ಕ, ಇದು ಗಂಡೋ ಹೆಣ್ಣೋ ಹೇಳ್ರಿ."

"ಹೆಣ್ಣ್ ಸರ್. ತುಂಬಿದ ಬಸುರಿ."

"ಖಾತ್ರಿ ಏನು?"

"ಎಂತ ಸರ್, ಮುಚ್ಚಳ ಇಷ್ಟಗಲ ಇತ್ತಲೆ. ಗಂಡಿನ್ದ್ ಚೂಪ್ ಇರತ್ತ್."

"ಇದು ಗಂಡು ಐತ್ರಿ," ಎಂದರು ಕಲ್ಮಠರು.

ಜಲಜಳಿಗೆ ನಗು ಬಂತು. ಏಡಿ ತಿನ್ನದವರು ಹೀಗೇ ಎಂದುಕೊಂಡಳು. ಆದರೆ ಅವರು ಏಡಿಯ ಚಿಪ್ಪು ಬಿಡಿಸಿ ಒಳಗಿನದನ್ನು ತೋರಿಸಿದಾಗ ನಗು ನಿಂತಿತು. ಒಳಗೆಲ್ಲ ಹಳದಿ ಎಳೆಗಳು. ಗೋಡೆಯ ಸಂದಿನಲ್ಲಿ ಆಲದ ಬೇರು ಇಳಿದ ಹಾಗೆ ಒಂದೊಂದು ಕಾಲಿನ ತುದಿಯ ತನಕ ಹಬ್ಬಿದ್ದವು. ಇದೊಂದು ಪರಾವಲಂಬಿ ಎಂದು ಅವರು ವಿವರಿಸಿದರು. ಏಳೆಂಟು ವರ್ಷದ ಹಿಂದೆ ಎಲ್ಲಿಂದಲೋ ಈ ಅಳಿವೆಗೆ ಬಂದದ್ದು. ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಏಡಿಯ ಕಾಲಿನ ಗೆಣ್ಣಿನಿಂದ ಒಳಹೊಕ್ಕು ಬೇರು ಬಿಡುತ್ತದೆ. ಏಡಿಯನ್ನು ಕೊಲ್ಲುವುದಿಲ್ಲ, ಕೊಂದರೆ ಅದಕ್ಕೇ ನಷ್ಟ. ಹೊಕ್ಕದ್ದು ಗಂಡು ಏಡಿಯಾದರೆ ಅದರ ಹೊಟ್ಟೆಯ ಮುಚ್ಚಳ ಹೆಣ್ಣಿನದರಂತೆ ಅಗಲವಾಗುತ್ತದೆ. ಆಮೇಲೆ ಹೆಣ್ಣು ಮೊಟ್ಟೆ ಹೊರುವ ಜಾಗದಲ್ಲೇ ಪರಾವಲಂಬಿಯ ಚೀಲ ಹೊರಗೆ ಬರುತ್ತದೆ. ಏಡಿ ಅದನ್ನು ತನ್ನದೇ ಮೊಟ್ಟೆಯೆಂದು ತಿಳಿದು ಒರೆಸುತ್ತದೆ, ಗಾಳಿ ಹಾಕುತ್ತದೆ, ಯಾರಾದರೂ ಮುಟ್ಟಲು ಬಂದರೆ ಕಚ್ಚುತ್ತದೆ. ದಿನ ತುಂಬಿದಾಗ ಎತ್ತರದ ಕಲ್ಲು ಹತ್ತಿ, ತಾಯಿ ಏಡಿಗಳು ಮಾಡುವಂತೆ ಮೈ ಕುಲುಕಿಸಿ, ಆ ಪರಾವಲಂಬಿಯ ಮರಿಗಳನ್ನು ನೀರಿಗೆ ಬಿಡುತ್ತದೆ.

"ಹಂಗಾರೆ ನಾವ್ ಹೆತ್ಕಂಡ್ ಬಾ ಅಂದೇಳಿ ಬಿಟ್ಟದ್ದ್?"

ಕಲ್ಮಠರು ಅವಳದೇ ಪುಸ್ತಕವನ್ನು ತೆರೆದರು. "ನಿಜವಾದ ಬಸುರಿನೂ ಬಿಟ್ಟೀರಿ, ಇವನ್ನೂ ಬಿಟ್ಟೀರಿ. ಈಗ ಹತ್ತು ಬಸುರಿಯೊಳಗ ಏಳು ಇಂಥಾವ ಅದಾವ್ರಿ."

ಇಡೀ ಬೆಂಗ್ರೆಯ ಹೆಂಗಸರು ಪುಣ್ಯದ ಕೆಲಸವೆಂದು ಮಾಡುತ್ತಿದ್ದದ್ದೇ ಅಳಿವೆಯ ಏಡಿಯನ್ನು ತಿಂದುಹಾಕಿತ್ತು. ದಿನಾ ಹೆಚ್ಚು ಬಿಟ್ಟವಳು ಅವಳೇ.

ಅಷ್ಟಕ್ಕೇ ಮುಗಿದಿದ್ದರೆ ಅವಳು ಎರಡು ದಿನ ಬೇಜಾರು ಮಾಡಿಕೊಂಡು ಮರೆಯುತ್ತಿದ್ದಳು. ಕಲ್ಮಠರು ಮೂಲೆಯ ಪಂಜರದ ಹತ್ತಿರ ಕರೆದರು. ಒಳಗೊಂದು ಗಂಡು ಇಲಿ. ಮರದ ಹೊಟ್ಟಿನಲ್ಲಿ ಗೂಡು ಮಾಡಿ, ಅದರಲ್ಲಿ ರಕ್ತದ ಬಾಟಲಿಗಳ ನೀಲಿ ಮುಚ್ಚಳ ಐದನ್ನು ಕೂಡಿಹಾಕಿಕೊಂಡಿತ್ತು. ಒಂದೊಂದನ್ನೇ ಎತ್ತಿ ನೆಕ್ಕುತ್ತಿತ್ತು, ಮತ್ತೆ ಹೊಟ್ಟು ಮುಚ್ಚುತ್ತಿತ್ತು. ಕಲ್ಮಠರು ಪೆನ್ನು ಒಳಗೆ ತೂರಿಸಿದರೆ ಹಲ್ಲು ಕಿರಿದು ಬಂತು.

"ಆ ಚೀಲದಿಂದ ಒಂದು ರಸ ಒಸರತೈತಿ. ಏಡಿ ಮನಸ್ಸು ತಿರುಗಸೂದು ಅದs. ಲಾಲಿನ್ ಅಂತ ಹೆಸರಿಟ್ಟೀವಿ. ಈ ಇಲಿ ಚರ್ಮಕ್ಕ ಮೂರು ಹನಿ ಹಚ್ಚಿದ್ವಿ, ಅಷ್ಟs." ಅವರು ಕನ್ನಡಕ ತೆಗೆದು ಒರೆಸಿದರು. ಹೇಳಲು ಕಷ್ಟವಾದಾಗ ಹಾಗೆ ಮಾಡುತ್ತಾರೆ. "ಹೋದ ತಿಂಗಳು ಎಲ್ಲಾರದೂ ರಕ್ತ ತಗೊಂಡಿದ್ವಲ್ರಿ? ನಂದು ಸೊನ್ನಿ. ವಾಚ್‌ಮನ್‌ದು ಸೊನ್ನಿ. ಬೆಂಗ್ರೆ ಹೆಣ್ಮಕ್ಕಳದು ನಲವತ್ತು, ಐವತ್ತು. ಚಂದು ಅಜ್ಜಿದು ತೊಂಬತ್ತು. ನಿಮ್ಮದು ಮುನ್ನೂರ ನಲವತ್ತು ಐತ್ರಿ."

"ಇದ್ರಿಂದ ಎಂತ ರೋಗ ಬತ್ತ್ ಸರ್?"

"ರೋಗ ಏನಿಲ್ರಿ. ಮಮತಾ ಜಾಸ್ತಿ ಆಗತೈತಿ."

ಜಲಜಳ ತಲೆಯಲ್ಲಿ ಒಂದು ತಾರೀಖು ಮಿಂಚಿ ಹೋಯಿತು. ಅವಳು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

ಆ ತಾರೀಖಿನ ಕಥೆ ಹೀಗೆ. ಜಲಜಳಿಗೆ ಮಕ್ಕಳೆಂದರೆ ಅಷ್ಟಕ್ಕಷ್ಟೇ. ಯಾರ ಮನೆಯ ತೊಟ್ಟಿಲಿನ ಹತ್ತಿರವೂ ಸುಳಿದವಳಲ್ಲ. ಆರು ವರ್ಷದ ಹಿಂದೆ ಅಕ್ಕ ಮುಕಾಂಬು ಜ್ವರದಲ್ಲಿ ತೀರಿಕೊಂಡಾಗ ಏಳು ತಿಂಗಳ ಹೆಣ್ಣುಮಗು ಪೂರ್ವಿಯನ್ನು ಬಾವ ಶೀನ ತಂದು ಅವಳ ಮಡಿಲಿಗಿಟ್ಟು, ದಾವಣಗೆರೆಯ ಹೋಟೆಲಿನ ಕೆಲಸಕ್ಕೆ ಹೊರಟುಹೋದ. ಮೊದಲ ನಾಲ್ಕು ದಿನ ಜಲಜ ಮಗುವನ್ನು ಪಕ್ಕದ ಮನೆಯ ಚಂದು ಅಜ್ಜಿಯ ಹತ್ತಿರವೇ ಬಿಟ್ಟಿದ್ದಳು. ಅದರ ಅಳು ಕೇಳಿದರೆ ತಲೆ ಚಿಟ್ಟು ಹಿಡಿಯುತ್ತಿತ್ತು. ಐದನೇ ದಿನ ಸಂಜೆ ಕೆಲಸ ಮುಗಿಸಿ ಬಂದವಳು ಬಾಗಿಲಲ್ಲಿ ನಿಂತಳು. ಮಗು ಚಾಪೆಯ ಮೇಲೆ ಕಾಲು ಆಡಿಸುತ್ತಿತ್ತು. ಏನಾಯಿತೋ, ಎದೆಯಲ್ಲಿ ಏನೋ ಒಡೆದು ಇಳಿದಂತಾಯಿತು. ಎತ್ತಿಕೊಂಡಳು. ಆಮೇಲೆ ಕೆಳಗಿಳಿಸಿದ್ದೇ ಇಲ್ಲ ಎನ್ನಬೇಕು. ಆ ಸಂಜೆಯ ಕಥೆಯನ್ನು ಅವಳು ಪೂರ್ವಿಗೆ ನೂರು ಸಲ ಹೇಳಿದ್ದಾಳೆ.

ಈಗ ನೋಡಿದರೆ, ಆ ಸಂಜೆಗೆ ಸರಿಯಾಗಿ ಎಂಟು ದಿನ ಮೊದಲು ಅವಳು ಕೇಂದ್ರಕ್ಕೆ ಸೇರಿದ್ದಳು. ಎಂಟು ದಿನ ಬರಿಗೈಯಲ್ಲಿ ಬಸುರಿ ಏಡಿಗಳನ್ನು ಬೊಗಸೆ ತುಂಬ ಹಿಡಿದಿದ್ದಳು.

ಇದೇ ಹೊತ್ತಿಗೆ ಶೀನನ ಫೋನೂ ಬಂದಿತ್ತು. ಅವನು ಎರಡನೇ ಮದುವೆಯಾಗಿದ್ದ, ಮನೆ ಮಾಡಿದ್ದ, ಮಗಳು ಬೇಕೆಂದು ಮಕ್ಕಳ ಕಲ್ಯಾಣ ಸಮಿತಿಗೆ ಅರ್ಜಿ ಹಾಕಿದ್ದ. ವಿಚಾರಣೆಗೆ ನಲವತ್ತೊಂದು ದಿನ ಇತ್ತು. ನಿನ್ನೆಯ ತನಕ ಜಲಜ, ಪ್ರಾಣ ಹೋದರೂ ಮಗು ಕೊಡುವುದಿಲ್ಲ ಎಂದು ಹಾರಾಡುತ್ತಿದ್ದಳು. ಇವತ್ತು ಅವಳಿಗೆ ಒಂದೇ ಪ್ರಶ್ನೆ. ಹಾರಾಡುತ್ತಿರುವುದು ತಾನೋ, ಆ ಮುನ್ನೂರ ನಲವತ್ತೋ? ಏಡಿಯ ಚೀಲದ ದಯೆಯಿಂದ ಬಂದ ಪ್ರೀತಿಯನ್ನು ಹಿಡಿದುಕೊಂಡು ಹೆತ್ತ ಅಪ್ಪನ ಮಗುವನ್ನು ಇಟ್ಟುಕೊಳ್ಳಲು ತನಗೆ ಯಾವ ಹಕ್ಕಿದೆ?

ಚಂದು ಅಜ್ಜಿಗೆ ಹೇಳಿದಳು. ಅಜ್ಜಿಯ ಅಂಗಳದಲ್ಲಿ ಈಗ ಏಳು ನಾಯಿಮರಿ, ಒಂದು ರೆಕ್ಕೆ ಮುರಿದ ಹದ್ದು. ತೊಂಬತ್ತರ ಮಹಿಮೆ ಇರಬಹುದು.

"ಏಡಿಯಿಂದ ಬಂದ್ರೆ ಎಂತ ಆಯ್ತ್ ಹೆಣೆ?" ಎಂದಳು ಅಜ್ಜಿ, ಮರಿಗಳಿಗೆ ಅನ್ನ ಹಾಕುತ್ತ. "ಈ ನಾಯಿಮರಿಗ್ ಎಂತ ನಷ್ಟ? ಮತ್ತೆ ಪೂರ್ವಿ ನಿನ್ನ ಬಳಿದೇ ಅಲ್ದಾ?" ಅವರಲ್ಲಿ ಬಳಿ, ಅಂದರೆ ಕುಲ, ತಾಯಿಯ ಕಡೆಯಿಂದ ಬರುವುದು. ಮುಕಾಂಬುವಿನ ಬಳಿಯೇ ಪೂರ್ವಿಯದು, ಜಲಜಳದು.

"ಬಳಿ ಬೇರೆ ಅಜ್ಜಿ. ನಂಗೆ ಆ ಹೆಣ್ಣಿನ ಮೇಲ್ ಪ್ರೀತಿ ಇತ್ತಾ ಇಲ್ಯಾ ಅಂದೇಳಿ ಗೊತ್ತಾಯ್ಕ್."

"ಗೊತ್ತಾಯಿ ಎಂತ ಮಾಡ್ತೆ?" ಎಂದು ಅಜ್ಜಿ ಕೇಳಿದಳು.

ಕಲ್ಮಠರು ಒಂದು ದಾರಿ ಹೇಳಿದ್ದರು. ಚೀಲ ಮುಟ್ಟುವುದನ್ನು ನಿಲ್ಲಿಸಿದರೆ ಹತ್ತು ದಿನಕ್ಕೆ ರಕ್ತದ ಲಾಲಿನ್ ಅರ್ಧಕ್ಕಿಳಿಯುತ್ತದೆ. ನಲವತ್ತು ದಿನ ತಡೆದರೆ ಹೆಚ್ಚುಕಡಿಮೆ ಸ್ವಚ್ಛ. ಜಲಜ ಮೊಳೆಯಿಂದ ಗ್ಲೌಸ್ ತೆಗೆದು, ಆರು ವರ್ಷದ ಧೂಳು ಕೊಡವಿ, ಹಾಕಿಕೊಂಡಳು.

ಕೆಲಸವೂ ಬದಲಾಯಿತು. ಕೇಂದ್ರದವರು ದಡದಲ್ಲಿ ಒಂದು ಕಬ್ಬಿಣದ ಡ್ರಮ್ಮು ಇಟ್ಟು ನೀರು ಕುದಿಸತೊಡಗಿದರು. ನಿಜವಾದ ಬಸುರಿಯನ್ನು ನೀರಿಗೆ ಬಿಡುವುದು, ಚೀಲದ ಏಡಿಯನ್ನು ಡ್ರಮ್ಮಿಗೆ ಹಾಕುವುದು. ವ್ಯತ್ಯಾಸ ಕಲಿಸುವ ಕೆಲಸ ಜಲಜಳದು. ಮೊಟ್ಟೆಯಾದರೆ ನೋಡಲು ರವೆಯ ಹಾಗೆ ತರಿತರಿ, ಚೀಲವಾದರೆ ನುಣುಪು. ಹೆಂಗಸರು ಮುಖ ತಿರುಗಿಸಿದರು. ಬಸುರಿಯ ಹಾಗೆ ಕಾಣುವ ಜೀವವನ್ನು ಕುದಿಯುವ ನೀರಿಗೆ ಹಾಕುವುದೆಂದರೆ ಯಾರ ಕೈ ಬರುತ್ತದೆ? ಒಬ್ಬಳಂತೂ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಮೂರು ಏಡಿಗಳನ್ನು ಕಳ್ಳತನದಲ್ಲಿ ಬಿಟ್ಟುಬಂದಳು. ಮೊದಲ ದಿನ ಡ್ರಮ್ಮಿಗೆ ಹಾಕುವಾಗ ಜಲಜಳ ಕಣ್ಣಲ್ಲೂ ನೀರು ಬಂತು. ಆ ನೀರು ಯಾರದು ಎಂದು ಅವಳಿಗೆ ತಿಳಿಯಲಿಲ್ಲ.

ಮನೆಯಲ್ಲಿ ಅವಳು ಬೇರೊಂದು ಪ್ರಯೋಗ ಶುರುಮಾಡಿದಳು. ಅನ್ನ ಬೆಂದಿದೆಯೇ ಎಂದು ಅಗುಳು ಹಿಸುಕಿ ನೋಡುತ್ತಾರಲ್ಲ, ಹಾಗೆ ತನ್ನ ಮನಸ್ಸನ್ನು ಹೊತ್ತುಹೊತ್ತಿಗೆ ಹಿಸುಕಿ ನೋಡುವುದು. ಪೂರ್ವಿ ಶಾಲೆಯಿಂದ ಓಡಿಬಂದಾಗ ಏನನ್ನಿಸಿತು? ಚೀಲ ಬಿಸಾಡಿ, ಶೂ ಒಂದು ಕಡೆ ಎಸೆದಾಗ? ಹಲಸಿನ ಹಪ್ಪಳ ಕದ್ದು ತಿಂದಾಗ? ಮೊದಲ ಹತ್ತು ದಿನ ಎಲ್ಲ ಸರಿಯಾಗಿತ್ತು. ಎದೆ ತುಂಬಿಬರುತ್ತಿತ್ತು, ಜಲಜ ನಿಟ್ಟುಸಿರು ಬಿಡುತ್ತಿದ್ದಳು. ಇಪ್ಪತ್ತನೇ ದಿನದ ಹೊತ್ತಿಗೆ ಅನುಮಾನ ಬಂತು. ಮಗು ಓಡಿಬಂದು ಸೊಂಟಕ್ಕೆ ಜೋತುಬಿದ್ದರೆ ಭಾರ ಅನ್ನಿಸಿತು. ಅದರ ಮೈಯಿಂದ ಬೆವರಿನ ವಾಸನೆ ಬರುತ್ತದೆ ಎಂದು ಮೊದಲ ಸಲ ಗೊತ್ತಾಯಿತು. ಮಧ್ಯಾಹ್ನ ಮಲಗಿದ ಮಗುವಿನ ಮುಖವನ್ನು ಎದುರಿಗೆ ಕುಳಿತು ನೋಡಿದಳು. ಬರುತ್ತದೆ, ಈಗ ಬರುತ್ತದೆ ಎಂದು ಕಾದಳು. ಮಗುವಿನ ಮೂಗಿನ ಮೇಲೆ ಒಂದು ನೊಣ ಕುಳಿತಿತ್ತು. ಅದನ್ನು ಓಡಿಸಿ ಎದ್ದುಹೋದಳು.

ರಸ ಇಳಿದದ್ದರಿಂದ ಹೀಗಾಯಿತೋ, ಇಳಿಯುತ್ತದೆ ಎಂದು ಹೆದರಿ ಹೆದರಿ ಹೀಗಾಯಿತೋ? ಹಾಲನ್ನು ಗಳಿಗೆಗೊಮ್ಮೆ ಕದಡಿದರೆ ಕೆನೆ ಎಲ್ಲಿ ಕಟ್ಟುತ್ತದೆ? ಕಲ್ಮಠರನ್ನೇ ಕೇಳಿದಳು.

"ತಿಳಿವಲ್ದು ಜಲಜಕ್ಕ," ಎಂದರು ಅವರು. "ಬರ್ರಿ, ಇದನ್ನ ನೋಡ್ರಿ."

ಇಲಿಯ ಪಂಜರ. ಅದಕ್ಕೂ ಮೂವತ್ತು ದಿನದಿಂದ ಲಾಲಿನ್ ಹಚ್ಚಿರಲಿಲ್ಲ. ಇಲಿಯ ಮೈಯಲ್ಲಿ ಅದು ಬೇಗ ಕರಗುತ್ತದಂತೆ, ರಕ್ತದಲ್ಲಿ ಅದರ ಸುಳಿವೂ ಇರಲಿಲ್ಲ. ನಾಲ್ಕು ನೀಲಿ ಮುಚ್ಚಳಗಳು ಮೂಲೆಯಲ್ಲಿ ಕಸದಂತೆ ಬಿದ್ದಿದ್ದವು. ಐದನೆಯದು ಮಾತ್ರ ಇನ್ನೂ ಗೂಡಿನಲ್ಲಿತ್ತು. ಇಲಿ ಅದನ್ನು ನೆಕ್ಕುತ್ತಿರಲಿಲ್ಲ, ಮುದ್ದಿಸುತ್ತಿರಲಿಲ್ಲ. ಸುಮ್ಮನೆ ಅದಕ್ಕೆ ಬೆನ್ನು ಒರಗಿಸಿಕೊಂಡು ಮಲಗಿತ್ತು. ಕಲ್ಮಠರು ಚಿಮಟದಿಂದ ಅದನ್ನು ಎಳೆದು ಹೊರಗಿಟ್ಟರು. ಇಲಿ ಎದ್ದು ಬಂದು, ಕಚ್ಚಿ, ವಾಪಸು ಗೂಡಿಗೆ ತಂದಿಟ್ಟು, ಮತ್ತೆ ಮಲಗಿತು.

"ಅದೊಂದನ್ನ ಯಾಕ ಬಿಡವಲ್ದು ಸರ್?" ಎಂದಳು ಜಲಜ. ತಾನು ಅವರ ಮಾತನ್ನೇ ಆಡಿದೆನೆಂದು ಅವಳಿಗೆ ಹೊಳೆಯಲಿಲ್ಲ.

"ರೂಢಿ ಇರಬಹುದು. ಬ್ಯಾರೆ ಏನರ ಇರಬಹುದು. ಬರಿಯಾಕ ಹೋದ್ರ ಶಬ್ದ ಸಿಗವಲ್ದು." ಅಷ್ಟರಲ್ಲಿ ನಾಲ್ಕು ಗಂಟೆಯಾಯಿತು. ಕಲ್ಮಠರು ದಿನಾ ನಾಲ್ಕಕ್ಕೆ ಧಾರವಾಡದಲ್ಲಿರುವ ಮಗಳಿಗೆ ಫೋನು ಮಾಡುತ್ತಾರೆ. "ಉಂಡಿಯೇನವ್ವಾ?" ಎಂದು ಅವರು ಕಿಟಕಿಯ ಹತ್ತಿರ ಹೋಗಿ ಕೇಳುತ್ತಿರುವುದನ್ನು ಜಲಜ ನೋಡಿದಳು. ಈ ಮನುಷ್ಯನ ರಕ್ತದಲ್ಲಿ ಸೊನ್ನೆ. ಹಾಗಾದರೆ ಈ ದನಿ ಎಲ್ಲಿಂದ ಬಂತು?

ಮೂವತ್ತೈದನೇ ದಿನ ಶೀನ ಬಂದ. ಆರು ವರ್ಷದಲ್ಲಿ ತಲೆ ಬೋಳಾಗಿತ್ತು. ಮಗಳಿಗೆಂದು ಗುಲಾಬಿ ಫ್ರಾಕು ತಂದಿದ್ದ. ಮೂರು ವರ್ಷದ ಮಗುವಿಗೆ ಸರಿಹೋಗುವ ಅಳತೆ. ಪೂರ್ವಿ ಅದನ್ನು ತಲೆಗೆ ತೂರಿಸಲು ನೋಡಿ, ಕೊನೆಗೆ ಟೋಪಿಯಂತೆ ಹಾಕಿಕೊಂಡು ನಕ್ಕಳು. ಶೀನನೂ ನಕ್ಕ. ಆಮೇಲೆ ಜಗಲಿಯ ಕಂಬ ಹಿಡಿದು ಅತ್ತ.

"ಅದ್ ಇಷ್ಟ್ ದೊಡ್ಡ ಆಯಿತ್ ಅಂದೇಳಿ ನಂಗ್ ಅಂದಾಜೇ ಇಲ್ಲ ಜಲಜ," ಎಂದ. "ಆಗ್ಳ್ ಹೆದ್ರಿ ಓಡಿದ್ದೆ. ಮುಕಾಂಬು ಮುಖವೇ ಕಾಂತಿತ್ ಅದ್ರಲ್ಲ್. ಈಗ್ಳ್ ಹೆದ್ರಿಕೆ ಇಲ್ಲ."

ಜಲಜ ಅವನನ್ನು ಬೈಯಬೇಕೆಂದು ಆರು ವರ್ಷದಿಂದ ಮಾತು ಕೂಡಿಟ್ಟುಕೊಂಡಿದ್ದಳು. ಒಂದೂ ಹೊರಗೆ ಬರಲಿಲ್ಲ. ಈ ಮನುಷ್ಯ ಏಡಿ ಮುಟ್ಟಿ ವರ್ಷಗಳಾದವು. ಈ ಅಳು ಅವನದೇ. ತನ್ನ ಹತ್ತಿರ ಇವನ ಎದುರಿಗೆ ಇಡಲು ಏನಿದೆ? ಕರ್ಕಂಡ್ ಹೋಯ್ನಿ ಬಾವ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಿದರೆ ಎದೆಯಲ್ಲಿ ನೋವಾಗುವುದೋ ಇಲ್ಲವೋ ನೋಡೋಣ ಎಂದೂ ಅನ್ನಿಸಿತು. ಅಷ್ಟು ಕೆಟ್ಟ ಕುತೂಹಲ ತನಗೆ ಬಂದದ್ದಕ್ಕೆ ಅವಳಿಗೇ ಹೇಸಿಗೆಯಾಯಿತು. "ಚಾ ಮಾಡ್ತೆ" ಎಂದು ಒಳಗೆ ಹೋದಳು.

ಶೀನ ಹೋದ ಮರುದಿನ ಬೆಳಿಗ್ಗೆ ಜಲಜ ಪೂರ್ವಿಗೆ ಜಡೆ ಹಾಕುತ್ತಿದ್ದಳು. ಈಗ ಅದು ಒಂದು ಕೆಲಸ. ಪಾತ್ರೆ ತೊಳೆದ ಹಾಗೆ, ಏಡಿ ಎಣಿಸಿದ ಹಾಗೆ. ಎರಡು ಪಾಲು, ಬೈತಲೆ, ಮೂರು ಎಳೆ, ರಿಬ್ಬನ್ನು.

"ಚಿಕ್ಕಿ, ಈಗ್ಳ್ ನೀ ಜಡೆ ಹಾಕುದ್ ಚಂದ ಆತ್ತ್," ಎಂದಳು ಪೂರ್ವಿ ಕನ್ನಡಿ ನೋಡಿಕೊಳ್ಳುತ್ತ.

"ಹ್ಯಾಂಗ್ ಚಂದ?"

"ಮೊದ್ಲ್ ನಡು ನಡು ಮುದ್ದ್ ಮಾಡುಕ್ ಬತ್ತಿದ್ದೆ. ಬೈತಲೆ ಸೊಟ್ಟ ಆತಿತ್. ಟೀಚರ್ ನಗಾಡ್ತಿದ್ರ್."

ಜಲಜಳ ಕೈಯಲ್ಲಿ ಬಾಚಣಿಗೆ ನಿಂತಿತು. ಇಷ್ಟು ದಿನ ಅವಳು ತನ್ನೊಳಗೇ ಬಗ್ಗಿ ನೋಡುತ್ತಿದ್ದಳು. ಈ ಕಡೆ ಕುಳಿತ ಮಗುವಿಗೆ ಹೋದದ್ದೇನೂ ಕಂಡಿರಲಿಲ್ಲ, ಬೈತಲೆ ನೆಟ್ಟಗಾದದ್ದು ಮಾತ್ರ ಕಂಡಿತ್ತು. ಇದರಿಂದ ಸಮಾಧಾನ ಪಡಬೇಕೋ ಅಳಬೇಕೋ ಅವಳಿಗೆ ಗೊತ್ತಾಗಲಿಲ್ಲ. ಉಳಿದ ಜಡೆ ಮುಗಿಸಿದಳು.

ನಲವತ್ತನೇ ದಿನ ರಕ್ತದ ಲೆಕ್ಕ ಬಂತು. ಇಪ್ಪತ್ತೊಂದು. "ಭಾಳ ಛಲೋ," ಎಂದರು ಕಲ್ಮಠರು. ಜಲಜ ತಲೆಯಾಡಿಸಿ, ಚೀಲದ ಹದಿನೆಂಟು ಏಡಿಗಳನ್ನು ಒಲೆಗೆ ತೆಂಗಿನ ಚಿಪ್ಪು ಹಾಕಿದಷ್ಟು ಸಲೀಸಾಗಿ ಡ್ರಮ್ಮಿಗೆ ಹಾಕಿ ಮನೆಗೆ ಹೋದಳು.

ಮರುದಿನ ವಿಚಾರಣೆ. ಸಮಿತಿಯ ಅಧ್ಯಕ್ಷೆ ವಯಸ್ಸಾದ ಹೆಂಗಸು, ಕನ್ನಡಕದ ಮೇಲಿಂದ ನೋಡುವವರು. ಮೊದಲು ಪೂರ್ವಿಯನ್ನು ಒಬ್ಬಳನ್ನೇ ಒಳಗೆ ಕರೆದು ಮಾತಾಡಿಸಿ ಹೊರಗೆ ಕಳಿಸಿದರು. ಆಮೇಲೆ ಶೀನನನ್ನು ಕೇಳಿದರು. ಅವನು ಎದ್ದು ನಿಂತು, "ಅದ್ ನನ್ ರಕ್ತ ಮೇಡಂ" ಎಂದ. ಬೇರೆ ಏನು ಹೇಳಬೇಕೆಂದು ತೋಚದೆ ಅದನ್ನೇ ಎರಡು ಸಲ ಹೇಳಿ ಕುಳಿತ.

"ನೀವು ಹೇಳಮ್ಮ. ಈ ಮಗು ನಿಮಗೆ ಯಾಕೆ ಬೇಕು?"

ಜಲಜ ಎದ್ದಳು. ಸುಳ್ಳು ಹೇಳಬಾರದೆಂದು ತೀರ್ಮಾನ ಮಾಡಿಕೊಂಡೇ ಬಂದಿದ್ದಳು.

"ರಕ್ತದ್ ಸುದ್ದಿ ಬ್ಯಾಡ ಮೇಡಂ. ನನ್ ರಕ್ತದಲ್ ಎಂತೆಂತ ಇತ್ತ್ ಅಂದೇಳಿ ಈಗ್ಳ್ ಬರ್ದ್ ಕೊಟ್ಟಿರ್. ಪ್ರೀತಿ ಇತ್ತಾ ಕೇಂಡ್ರೆ, ಮೊದ್ಲ್ ಇದ್ದಿತ್. ಈಗ್ಳ್ ಇತ್ತಾ ಇಲ್ಯಾ ನಂಗೆ ಗೊತ್ತಾತಿಲ್ಲ. ಹುಡ್ಕಿ ಹುಡ್ಕಿ ಸಾಕಾಯ್ತ್."

ಶೀನ ತಲೆಯೆತ್ತಿ ನೋಡಿದ. ಅಧ್ಯಕ್ಷೆ ಪೆನ್ನು ಕೆಳಗಿಟ್ಟರು. "ಹಾಗಾದರೆ ತಂದೆಯ ಹತ್ತಿರ ಕಳಿಸಬಹುದಲ್ಲ?"

"ಕಳ್ಸುಕಾತ್ತ್. ಆದ್ರೆ ನಾಳೆ ಬೆಳಿಗ್ಗೆ ಅದಕ್ಕೆ ಜಡೆ ಹಾಕ್ಕ್." ಜಲಜಳ ದನಿ ನಡುಗಿತು. ಯಾಕೆ ನಡುಗುತ್ತಿದೆ ಎಂದು ಅವಳಿಗೇ ಆಶ್ಚರ್ಯವಾಯಿತು. "ಎಡಬದಿಯ ಕೂದ್ಲ್ ಎಳ್ದ್ರೆ ಅದಕ್ಕ್ ನೋವಾತ್ತ್. ಸಣ್ಣಕ್ಕಿಪ್ಪಗ ಅಲ್ಲ್ ಕುರು ಆಯಿತ್. ಅದ್ ಯಾರಿಗೂ ಗೊತ್ತಿಲ್ಲ. ಆ ಬದಿ ಮೆಲ್ಲ ಹಿಡೀಕ್. ಅಷ್ಟೇ ಮೇಡಂ. ಅದ್ನ ನಾನೇ ಮಾಡ್ಕ್ ಅಂದೇಳಿ ಕಾಣತ್ತ್. ಎಂತಕ್ಕ್ ಕೇಂಡ್ರೆ ಗೊತ್ತಿಲ್ಲ."

ಶೀನ ಕೈ ಮುಗಿದು ಎದ್ದು, "ಎಡಬದಿಯದ್ ನಂಗ್ ಗೊತ್ತಿಲ್ಲೆ ಇದ್ದಿತ್ ಮೇಡಂ" ಎಂದ. ಅಧ್ಯಕ್ಷೆ ಬರೆದುಕೊಂಡರು. ಮಗು ಸದ್ಯಕ್ಕೆ ಚಿಕ್ಕಮ್ಮನ ಮನೆಯಲ್ಲೇ ಇರಲಿ, ತಂದೆ ತಿಂಗಳಿಗೊಮ್ಮೆ ಬಂದುಹೋಗಲಿ, ರಜೆಯಲ್ಲಿ ಕರೆದೊಯ್ಯಲಿ, ಮಗುವಿಗೆ ಅವರ ಒಡನಾಟ ರೂಢಿಯಾಗಲಿ ಎಂದಾಯಿತು. ಹೊರಗೆ ಬಂದಾಗ ಪೂರ್ವಿ ಕಬ್ಬಿಣದ ಗೇಟಿಗೆ ಜೋತುಬಿದ್ದು ತೂಗುತ್ತಿದ್ದಳು. "ಚಿಕ್ಕಿ, ಹಸುವಾತ್ತ್" ಎಂದಳು.

ಮೂವರೂ ಎದುರಿನ ಹೋಟೆಲಿಗೆ ಹೋಗಿ ಗೋಳಿಬಜೆ ತಿಂದರು. ಗೆದ್ದ ಖುಷಿಗೆ ಜಲಜ ಕಾದಳು. ಬಂದದ್ದು ಸುಸ್ತು ಮಾತ್ರ.

ಮರುದಿನ ಬೆಳಿಗ್ಗೆ ಅವಳು ಪೂರ್ವಿಗೆ ಜಡೆ ಹಾಕಿದಳು. ಎಡಬದಿ ಮೆಲ್ಲ ಹಿಡಿದಳು. ಬೈತಲೆ ನೆಟ್ಟಗೆ ಬಂತು. ಮಗುವನ್ನು ಶಾಲೆಗೆ ಬಿಟ್ಟು ದಡಕ್ಕೆ ಹೋದಳು. ಡ್ರಮ್ಮಿನ ನೀರು ಕುದಿಯತೊಡಗಿತ್ತು. ಬುಟ್ಟಿಯ ಮೇಲೆಯೇ ಒಂದು ಗಂಡು ಏಡಿ ಇತ್ತು, ಚೀಲ ತುಂಬಿಕೊಂಡದ್ದು. ಬಲೆಯಲ್ಲಿ ಎರಡು ಕಾಲು ಕಳೆದುಕೊಂಡಿದ್ದರೂ ಉಳಿದ ಕಾಲುಗಳನ್ನು ಹೊಟ್ಟೆಗೆ ಅಡ್ಡ ಹಿಡಿದು ಚೀಲವನ್ನು ಕಾಯುತ್ತಿತ್ತು.

ಜಲಜ ಅದನ್ನು ಎತ್ತಿಕೊಂಡು ಸುಮಾರು ಹೊತ್ತು ನೋಡಿದಳು. ಆಮೇಲೆ ಬಲಗೈಯ ಗ್ಲೌಸನ್ನು ಹಲ್ಲಿನಿಂದ ಕಚ್ಚಿ ಎಳೆದು ತೆಗೆದಳು. ಬರಿಯ ಅಂಗೈಯನ್ನು ಚೀಲಕ್ಕೆ ಒತ್ತಿದಳು. ನುಣುಪಾಗಿತ್ತು, ಬೆಚ್ಚಗೆ ಅಂಟುತ್ತಿತ್ತು. ಬೆರಳುಗಳ ಸಂದಿಗೆ, ಮಣಿಕಟ್ಟಿಗೆ, ಔಷಧಿ ತಿಕ್ಕಿಕೊಂಡ ಹಾಗೆ ತಿಕ್ಕಿಕೊಂಡಳು.

"ಜಲಜಕ್ಕ! ಕೈ!" ಕಲ್ಮಠರು ಲ್ಯಾಬಿನ ಮೆಟ್ಟಿಲಿನಿಂದ ಕೂಗಿ ಓಡಿಬಂದರು.

"ಗೊತ್ತಿತ್ತ್ ಸರ್."

"ಗೊತ್ತಿದ್ದೂ ಯಾಕ್ರಿ?"

"ನಂಗ್ ಬೇಕಿತ್ತ್," ಎಂದಳು ಜಲಜ. "ಒಂಚೂರ್. ಬೈತಲೆ ಸೊಟ್ಟ ಆಪಷ್ಟ್."

ಅವರಿಗೆ ಅರ್ಥವಾಗಲಿಲ್ಲ. ಅವಳಿಗಾದರೂ ಪೂರ್ತಿ ಎಲ್ಲಿ ಅರ್ಥವಾಗಿತ್ತು? ಆರು ವರ್ಷದ ಹಿಂದೆ ಅವಳನ್ನು ಯಾರೂ ಕೇಳಿರಲಿಲ್ಲ. ಈ ಸಲ ತಾನೇ ಕೈಯೊಡ್ಡಿ ತೆಗೆದುಕೊಂಡೆ, ಇದು ಮೋಸವಲ್ಲ ಎಂದುಕೊಂಡಳು. ಮರುಗಳಿಗೆಯೇ ಅನುಮಾನ ಬಂತು. ಕೈಯೊಡ್ಡಿಸಿದ್ದು ಒಳಗೆ ಉಳಿದ ಆ ಇಪ್ಪತ್ತೊಂದೇ ಇದ್ದರೆ? ಇರಲಿ. ಅದನ್ನು ತಿಳಿಯಲು ಇನ್ನು ನಲವತ್ತು ದಿನ ಕೊಡಲು ಅವಳು ತಯಾರಿರಲಿಲ್ಲ.

ಏಡಿ ಅವಳ ಅಂಗೈಯಲ್ಲಿ ಚೀಲಕ್ಕೆ ಗಾಳಿ ಹಾಕುತ್ತಲೇ ಇತ್ತು. "ಹೆತ್ಕಂಡ್ ಬಾ" ಎಂಬ ಮಾತು ರೂಢಿಯಿಂದ ತುಟಿಯ ತನಕ ಬಂತು. ಜಲಜ ಅದನ್ನು ನುಂಗಿಕೊಂಡಳು. ಏಡಿಯನ್ನು ಡ್ರಮ್ಮಿಗೆ ಹಾಕಿದಳು. ಕೈ ತೊಳೆಯದೆ ಸೆರಗಿಗೆ ಒರೆಸಿಕೊಂಡು, ಮುಂದಿನ ಏಡಿಗೆ ಗ್ಲೌಸ್ ಹಾಕಿಕೊಂಡಳು.